ನಾರ್ವೆ ಪ್ರವಾಸದ ಲೆಕ್ಕಾಚಾರ: ನಕಾಶೆಯಲ್ಲಿ ಹತ್ತಿರ, ದಾರಿಯಲ್ಲಿ ದೂರ

ಯುರೋಪ್ ಖಂಡದ ವಾಯವ್ಯ ಅಂಚಿನಲ್ಲಿ, ಸ್ಕ್ಯಾಂಡಿನೇವಿಯಾ ಪರ್ಯಾಯ ದ್ವೀಪದ ಪಶ್ಚಿಮ ಮಗ್ಗುಲನ್ನು ಉದ್ದಕ್ಕೂ ಆವರಿಸಿಕೊಂಡಿರುವ ನಾರ್ವೆಯ ಮುಖ್ಯ ಭೂಭಾಗ ಸುಮಾರು 3.24 ಲಕ್ಷ ಚದರ ಕಿಲೋಮೀಟರ್‌ನಷ್ಟಿದ್ದು, ಅಲ್ಲಿನ ಜನಸಂಖ್ಯೆ 55 ಲಕ್ಷದ ಆಸುಪಾಸಿನಲ್ಲಿದೆ. ಪ್ರವಾಸದ ಯೋಜನೆ ಹಾಕುವವರಿಗೆ ಈ ಎರಡು ಅಂಕಿಗಳಿಗಿಂತ ಮುಖ್ಯವಾದುದು ಕರಾವಳಿಯ ಉದ್ದ. ಒಳನುಗ್ಗಿದ ಕಡಲಚಾಚುಗಳನ್ನೆಲ್ಲ ಸೇರಿಸಿ ಅಳೆದರೆ ಮುಖ್ಯ ಭೂಭಾಗದ ಕರಾವಳಿಯೇ 28,000 ಕಿಲೋಮೀಟರ್ ದಾಟುತ್ತದೆ; ದ್ವೀಪಗಳ ಅಂಚನ್ನೂ ಕೂಡಿಸಿದರೆ ಅದು ಒಂದು ಲಕ್ಷ ಕಿಲೋಮೀಟರ್ ಮೀರುತ್ತದೆ. ದಡವು ಇಷ್ಟೊಂದು ಅಂಕುಡೊಂಕಾಗಿರುವ ನಾಡಿನಲ್ಲಿ ಎರಡು ಊರುಗಳ ನಡುವಿನ ನೇರ ಅಂತರಕ್ಕೂ ಅವನ್ನು ತಲುಪಲು ಹಿಡಿಯುವ ಹೊತ್ತಿಗೂ ಸಂಬಂಧವೇ ಇರುವುದಿಲ್ಲ, ಮತ್ತು ಭಾರತದಿಂದ ಹೊರಡುವ ಬಹುಪಾಲು ಪ್ರವಾಸಪಟ್ಟಿಗಳು ಎಡವುವುದು ಇದೇ ಜಾಗದಲ್ಲಿ. ಎಂಟು ದಿನಗಳಲ್ಲಿ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರನ್ನೂ ತೋರಿಸುವುದಾಗಿ ಹೇಳುವ ಪ್ಯಾಕೇಜುಗಳಲ್ಲಿ ನಾರ್ವೆಯ ಪಾಲಿಗೆ ಬರುವುದು ಎರಡೋ ಮೂರೋ ದಿನ, ಅದರಲ್ಲಿಯೂ ದೊಡ್ಡ ಭಾಗ ಬಸ್ಸಿನೊಳಗೆ.

ಈ ಅವಸರದಿಂದ ಆಗುವ ನಷ್ಟವನ್ನು ತಿಳಿಯಬೇಕಾದರೆ ಫಿಯಾರ್ಡ್ ಎಂಬ ಭೂರೂಪ ಹೇಗೆ ಉಂಟಾಯಿತೆಂಬುದನ್ನು ಮೊದಲು ನೋಡಬೇಕು. ಹಿಮಯುಗಗಳಲ್ಲಿ ಸ್ಕ್ಯಾಂಡಿನೇವಿಯಾವನ್ನು ಮುಚ್ಚಿದ್ದ ದಪ್ಪ ಹಿಮದ ಹಾಸು ಹಳೆಯ ನದೀಕಣಿವೆಗಳ ಮೂಲಕ ಸಮುದ್ರದತ್ತ ಜಾರುತ್ತ, ತನ್ನ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಬಂಡೆಗಳಿಂದ ಕಣಿವೆಯ ತಳವನ್ನೂ ಮಗ್ಗುಲುಗಳನ್ನೂ ಉಜ್ಜಿ ಕೊರೆಯಿತು; ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಹಿಮ ಕರಗಿ ಹಿಂದೆ ಸರಿದಾಗ, ಹೀಗೆ ಆಳವಾದ ಕಣಿವೆಗಳಿಗೆ ಸಮುದ್ರದ ನೀರು ನುಗ್ಗಿ ನಿಂತಿತು. ಕಡಲನ್ನು ಸಮೀಪಿಸಿದಂತೆ ಹಿಮನದಿ ತೆಳುವಾಗಿ ಅದರ ಕೊರೆಯುವ ಶಕ್ತಿ ಕುಂದಿದ್ದರಿಂದ ಫಿಯಾರ್ಡಿನ ಬಾಯಿಯ ಬಳಿ ಆಳ ಕಡಿಮೆ, ಒಳಗೆ ಹೋದಂತೆ ಹೆಚ್ಚು. ನಾರ್ವೆಯ ಅತಿ ಉದ್ದದ ಸೋಗ್ನೆ ಫಿಯಾರ್ಡ್ ಕಡಲಿನಿಂದ 200 ಕಿಲೋಮೀಟರ್‌ಗೂ ಹೆಚ್ಚು ಒಳಕ್ಕೆ ಚಾಚಿದ್ದು, ಅದರ ಗರಿಷ್ಠ ಆಳ 1,308 ಮೀಟರ್. ದೊಡ್ಡ ಹಡಗುಗಳು ಬೆಟ್ಟಗಳ ನಡುವಿನ ಹಳ್ಳಿಯವರೆಗೆ ಬಂದು ನಿಲ್ಲುವುದು ಈ ಆಳದಿಂದಲೇ. ಮುಖ್ಯ ಕಣಿವೆಯಷ್ಟು ಆಳವಾಗಿ ಕೊರೆಯಲ್ಪಡದೆ ಮೇಲೆಯೇ ಉಳಿದ ಉಪಕಣಿವೆಗಳಿಗೆ ಭೂವಿಜ್ಞಾನಿಗಳು ತೂಗುಕಣಿವೆಗಳೆಂದು ಹೆಸರಿಟ್ಟಿದ್ದಾರೆ. ಅವುಗಳ ತೊರೆಗಳು ಫಿಯಾರ್ಡಿಗೆ ಸೇರಲು ನೂರಾರು ಮೀಟರ್ ಕೆಳಕ್ಕೆ ಧುಮುಕದೆ ಬೇರೆ ದಾರಿಯಿಲ್ಲ, ಹಾಗಾಗಿ ಫಿಯಾರ್ಡ್ ಇರುವಲ್ಲೆಲ್ಲ ಜಲಪಾತಗಳ ಸಾಲು ಇರುತ್ತದೆ.

ಇಂಥ ಕಡಿದಾದ ಮಗ್ಗುಲುಗಳಲ್ಲಿ ರಸ್ತೆ ಹಾಕುವುದು ದುಸ್ಸಾಧ್ಯವಾದ್ದರಿಂದ ನಾರ್ವೆಯವರು ಬಂಡೆಯನ್ನೇ ಕೊರೆದು ಒಳಗಿನಿಂದ ಹಾದುಹೋಗುವ ವಿದ್ಯೆಯಲ್ಲಿ ಪಳಗಿದ್ದಾರೆ. 2000ರಲ್ಲಿ ತೆರೆದ ಲ್ಯಾರ್ದಾಲ್ ಸುರಂಗ 24.5 ಕಿಲೋಮೀಟರ್ ಉದ್ದವಿದ್ದು ಜಗತ್ತಿನ ಅತಿ ಉದ್ದದ ರಸ್ತೆ ಸುರಂಗವೆನಿಸಿದೆ. ಅಷ್ಟು ದೂರದ ಏಕತಾನತೆಯಿಂದ ಚಾಲಕರಿಗೆ ಮಂಪರು ಕವಿಯದಿರಲೆಂದು ಅದರೊಳಗೆ ಅಲ್ಲಲ್ಲಿ ನೀಲಿ ಬೆಳಕಿನ ಅಗಲವಾದ ಗುಹೆಗಳನ್ನು ಕೊರೆಯಲಾಗಿದೆ. ಸೋಗ್ನೆಯ ಕವಲಿನ ತುದಿಗಳಲ್ಲಿರುವ ಫ್ಲೋಮ್ ಮತ್ತು ಗುದ್ವಾಂಗನ್ ಎಂಬ ಹಳ್ಳಿಗಳ ನಡುವಿನ ಹೆದ್ದಾರಿಯೂ ಇಂಥದೇ. ಒಂದು 5 ಕಿಲೋಮೀಟರಿನ, ಇನ್ನೊಂದು 11 ಕಿಲೋಮೀಟರಿಗೂ ಮೀರಿದ ಎರಡು ಸುರಂಗಗಳೇ ಆ ದಾರಿಯ ಬಹುಭಾಗ. ಕಾರಿನಲ್ಲಿ ಅರ್ಧ ಗಂಟೆಯೂ ಬೇಡ, ಆದರೆ ಪ್ರವಾಸಿಗೆ ಕಾಣಿಸುವುದು ಸುರಂಗದ ದೀಪಗಳಷ್ಟೇ. ಅದೇ ಎರಡು ಹಳ್ಳಿಗಳ ನಡುವೆ ದೋಣಿಯಲ್ಲಿ ಹೋದರೆ ಎರಡು ಗಂಟೆ ಹಿಡಿಯುತ್ತದೆ, ಮತ್ತು ಆ ಎರಡು ಗಂಟೆಯಲ್ಲಿ ಕಾಣುವ ನೇರೊಯ್ ಫಿಯಾರ್ಡ್ 2005ರಲ್ಲಿ ಗೈರಾಂಗರ್ ಫಿಯಾರ್ಡಿನೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಬೇಗ ತಲುಪಿಸುವ ದಾರಿ ಏನನ್ನೂ ತೋರಿಸುವುದಿಲ್ಲವೆಂಬ ಈ ವಿಚಿತ್ರ ನಿಯಮ ನಾರ್ವೆಯ ಪಶ್ಚಿಮ ಭಾಗಕ್ಕೆಲ್ಲ ಅನ್ವಯಿಸುವುದರಿಂದ, ನೋಡುವ ಸ್ಥಳಗಳ ಸಂಖ್ಯೆಯನ್ನು ಮೊದಲೇ ಕಡಿತಗೊಳಿಸಿದ ಯೋಜನೆಯೇ ಅಲ್ಲಿ ಒಳ್ಳೆಯ ಯೋಜನೆ.

ಕಡಿತ ಆರಂಭವಾಗಬೇಕಾದುದು ದಿಕ್ಕಿನಿಂದ. ದಕ್ಷಿಣದ ಲಿಂಡೆಸ್ನೆಸ್ ಭೂಶಿರದಿಂದ ಉತ್ತರದ ನಾರ್ಡ್‌ಕಾಪ್ ಭೂಶಿರದವರೆಗೆ ರಸ್ತೆಯಲ್ಲಿ 2,000 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಬರ್ಗನ್ ಸುತ್ತಲಿನ ಫಿಯಾರ್ಡ್ ಸೀಮೆಯನ್ನೂ ಆರ್ಕ್ಟಿಕ್ ವೃತ್ತದಾಚೆಯ ಲೊಫೋಟನ್ ದ್ವೀಪಗಳನ್ನೂ ಟ್ರೋಮ್ಸೊ ನಗರವನ್ನೂ ಒಂದೇ ವಾರದಲ್ಲಿ ಮುಗಿಸುವ ಹಂಬಲ ವಿಮಾನ ನಿಲ್ದಾಣಗಳ ಪರಿಚಯದಲ್ಲಿ ಕೊನೆಗೊಳ್ಳುತ್ತದೆ. ಹತ್ತು ದಿನಗಳ ಬಿಡುವುಳ್ಳವರು ಪಶ್ಚಿಮವನ್ನೋ ಉತ್ತರವನ್ನೋ ಒಂದನ್ನು ಆರಿಸಿಕೊಳ್ಳುವುದು ವಿವೇಕ.

ದಿಕ್ಕನ್ನು ತೀರ್ಮಾನಿಸುವುದು ಬಹುಮಟ್ಟಿಗೆ ತಿಂಗಳು, ಮತ್ತು ಕರ್ನಾಟಕದ ಕುಟುಂಬಗಳಿಗೆ ತೊಡಕು ಎದುರಾಗುವುದು ಇಲ್ಲಿಯೇ. ಶಾಲೆಗಳ ಬೇಸಿಗೆ ರಜೆ ಬರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಾರ್ವೆಯ ಎತ್ತರದ ಘಟ್ಟದ ರಸ್ತೆಗಳು ಇನ್ನೂ ಹಿಮದಡಿಯಲ್ಲಿ ಮುಚ್ಚಿರುತ್ತವೆ. ಉತ್ತರ ಯುರೋಪಿನ ಅತಿ ಎತ್ತರದ ಘಟ್ಟವಾದ, 1,434 ಮೀಟರ್ ಎತ್ತರದಲ್ಲಿ ಹಾಯುವ ಸೋಗ್ನೆಫೆಲ್ ರಸ್ತೆ, ಔರ್ಲಾಂಡ್ ಬೆಟ್ಟದ ‘ಹಿಮದ ರಸ್ತೆ’, ಹನ್ನೊಂದು ಕಡಿದಾದ ತಿರುವುಗಳಿಗೆ ಹೆಸರಾದ ಟ್ರೋಲ್‌ಸ್ಟಿಗನ್ ಇವೆಲ್ಲ ಆಯಾ ವರ್ಷದ ಹಿಮವನ್ನು ನೋಡಿಕೊಂಡು ವಸಂತದ ಕೊನೆಗೆ ತೆರೆಯುವಂಥವು. ಮೇ ಕೊನೆಯ ವಾರದಲ್ಲಿ ಹೋಗಲೇಬೇಕಾದವರಿಗೆ ಹಾರ್ದಾಂಗರ್ ಫಿಯಾರ್ಡಿನ ದಡವೇ ಸೂಕ್ತ. ಅಲ್ಲಿನ ಸೇಬಿನ ತೋಟಗಳು ಹೂಬಿಡುವ ಕಾಲ ಅದು, ಕರಗುವ ಹಿಮದಿಂದ ಜಲಪಾತಗಳು ತುಂಬಿ ಹರಿಯುವುದೂ ಮೇ ಮತ್ತು ಜೂನ್‌ನಲ್ಲಿಯೇ. ಜುಲೈ ತಿಂಗಳು ನಾರ್ವೆಯವರ ಸಾಮೂಹಿಕ ರಜೆಯ ಕಾಲವಾದ್ದರಿಂದ ಬಾಡಿಗೆ ಮನೆ, ದೋಣಿ, ರೈಲು ಎಲ್ಲದಕ್ಕೂ ನೂಕುನುಗ್ಗಲು. ಆಗಸ್ಟ್ ಉತ್ತರಾರ್ಧದಿಂದ ಸೆಪ್ಟೆಂಬರ್ ನಡುವಿನವರೆಗಿನ ಅವಧಿಯನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ. ಬೆಟ್ಟದ ಹಾದಿಗಳು ಹಿಮಮುಕ್ತವಾಗಿರುವ, ಬರ್ಚ್ ಮರಗಳು ಹಳದಿಗೆ ತಿರುಗತೊಡಗುವ, ಜನಜಂಗುಳಿ ಕರಗುವ ಆ ಹೊತ್ತೇ ಮಕ್ಕಳ ರಜೆಯ ಹಂಗಿಲ್ಲದವರಿಗೆ ಎಲ್ಲಕ್ಕಿಂತ ಒಳ್ಳೆಯದು.

ಮಕ್ಕಳೊಂದಿಗೆ ಹೋಗುವವರಿಗೆ ದಸರಾ ರಜೆಯೆಂಬ ಇನ್ನೊಂದು ಅವಕಾಶವಿದ್ದು, ಅದು ಉತ್ತರಕ್ಕೆ ಹೇಳಿಮಾಡಿಸಿದಂತಿದೆ. ಸೂರ್ಯನಿಂದ ಹೊಮ್ಮುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿ ಧ್ರುವಪ್ರದೇಶಗಳತ್ತ ಹರಿದು, ನೂರು ಕಿಲೋಮೀಟರಿಗಿಂತ ಎತ್ತರದಲ್ಲಿ ಆಮ್ಲಜನಕ, ಸಾರಜನಕಗಳಿಗೆ ಬಡಿದಾಗ ಹೊರಡುವ ಬೆಳಕೇ ಧ್ರುವಪ್ರಭೆ; ಅದರ ಹಸಿರು ಆಮ್ಲಜನಕದ್ದು, ಇನ್ನೂ ಮೇಲಿನ ಕೆಂಪೂ ಅದರದೇ, ಅಂಚಿನ ನೇರಳೆ ಛಾಯೆ ಸಾರಜನಕದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಾಂತೀಯ ಗೋಳವೊಂದನ್ನಿಟ್ಟು, ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ ಈ ವಿದ್ಯಮಾನವನ್ನು ಪ್ರಯೋಗಶಾಲೆಯಲ್ಲಿಯೇ ತೋರಿಸಿಕೊಟ್ಟಿದ್ದನು. ಟ್ರೋಮ್ಸೊ ನಗರ ಧ್ರುವಪ್ರಭೆ ಪದೇ ಪದೇ ಕಾಣಿಸಿಕೊಳ್ಳುವ ಉಂಗುರಾಕಾರದ ವಲಯದೊಳಗಿದ್ದು, ಸೆಪ್ಟೆಂಬರಿನಿಂದ ಮಾರ್ಚ್ ಕೊನೆಯವರೆಗೆ ರಾತ್ರಿಗಳು ಸಾಕಷ್ಟು ಕತ್ತಲಾಗಿರುತ್ತವೆ. ಅಕ್ಟೋಬರಿನಲ್ಲಿ ನಡುಚಳಿಗಾಲದ ಕಟುಶೀತವಿನ್ನೂ ಬಂದಿರುವುದಿಲ್ಲ, ಹಗಲಿನ ಬೆಳಕೂ ತಿರುಗಾಡುವಷ್ಟು ಇರುತ್ತದೆ. ಮೋಡ ಕವಿದರೆ ಮಾತ್ರ ಏನೂ ಕಾಣದು, ಆದ್ದರಿಂದ ಕನಿಷ್ಠ ನಾಲ್ಕು ರಾತ್ರಿಗಳನ್ನು ಅಲ್ಲಿಗೆ ಮೀಸಲಿಡಬೇಕು. ಧ್ರುವಪ್ರಭೆಯನ್ನೂ ನಡುರಾತ್ರಿಯ ಸೂರ್ಯನನ್ನೂ ಒಂದೇ ಪ್ರವಾಸದಲ್ಲಿ ತೋರಿಸುವುದಾಗಿ ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ: ಟ್ರೋಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಆಗ ಆಕಾಶದಲ್ಲಿ ಬೇರೆ ಯಾವ ಪ್ರಭೆಗೂ ಎಡೆಯಿರುವುದಿಲ್ಲ.

ಪಶ್ಚಿಮವನ್ನು ಆರಿಸಿಕೊಂಡವರ ಪ್ರವಾಸಕ್ಕೆ ಬೆನ್ನೆಲುಬಾಗುವುದು ರೈಲು. ಬೆಂಗಳೂರಿನಿಂದ ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್ ಮೂಲಕ ಓಸ್ಲೋ ತಲುಪಿದ ಪ್ರವಾಸಿ ಅಲ್ಲಿಂದ ಬರ್ಗನ್ನಿಗೆ ವಿಮಾನ ಹಿಡಿದರೆ ಒಂದು ಗಂಟೆಯೊಳಗೆ ಮುಟ್ಟಬಹುದಾದರೂ, 1909ರಲ್ಲಿ ಪೂರ್ಣಗೊಂಡ ಬರ್ಗನ್ ರೈಲುಮಾರ್ಗದ ಆರೂವರೆಯಿಂದ ಏಳು ಗಂಟೆಗಳ ಪಯಣವನ್ನು ಬಿಟ್ಟುಕೊಡುವುದು ಅರ್ಧ ನಾರ್ವೆಯನ್ನು ಬಿಟ್ಟುಕೊಟ್ಟಂತೆ. ಓಸ್ಲೋ ಸುತ್ತಲಿನ ಹೊಲಗದ್ದೆ, ಆಮೇಲೆ ದಟ್ಟವಾದ ಸ್ಪ್ರೂಸ್ ಕಾಡು, ಅದನ್ನು ದಾಟಿದಂತೆ ಮರವೇ ಬೆಳೆಯದ ಹಾರ್ದಾಂಗರ್‌ವಿದ್ದ ಪ್ರಸ್ಥಭೂಮಿ ಹೀಗೆ ನಾಡಿನ ಅಡ್ಡಸೀಳು ಕಿಟಕಿಯಲ್ಲಿ ಒಂದೊಂದಾಗಿ ಹಾದುಹೋಗುತ್ತದೆ. ಮಾರ್ಗದ ಅತಿ ಎತ್ತರದ ನಿಲ್ದಾಣ 1,222 ಮೀಟರಿನಲ್ಲಿರುವ ಫಿನ್ಸೆ. ವಾಹನ ಹೋಗುವ ಸಾರ್ವಜನಿಕ ರಸ್ತೆಯೇ ಆ ಊರಿಗಿಲ್ಲ, ರೈಲಿನಲ್ಲಿ ಬರಬೇಕು, ಇಲ್ಲವೇ ನಡೆದು, ಸೈಕಲ್ಲಿನಲ್ಲಿ ಅಥವಾ ಸ್ಕೀ ತೊಟ್ಟು ಬರಬೇಕು. ಅಲ್ಲಿಂದ ಪಶ್ಚಿಮಕ್ಕೆ ಇಳಿಯುತ್ತ ಬರುವ ಮಿರ್ದಾಲ್ ನಿಲ್ದಾಣದಲ್ಲಿ ಇನ್ನೊಂದು ಮಾರ್ಗ ಕವಲೊಡೆದು ಫ್ಲೋಮ್ ಹಳ್ಳಿಗೆ ಇಳಿಯುತ್ತದೆ. 1940ರಲ್ಲಿ ಸಂಚಾರಕ್ಕೆ ತೆರೆದ ಈ ಮಾರ್ಗದ ಉದ್ದ ಬರಿಯ 20 ಕಿಲೋಮೀಟರ್. ಅಷ್ಟರಲ್ಲಿಯೇ ಅದು 867 ಮೀಟರ್ ಎತ್ತರದಿಂದ ಕಡಲಮಟ್ಟಕ್ಕೆ ಬರಬೇಕಾಗಿರುವುದರಿಂದ ಬಹುತೇಕ ಉದ್ದಕ್ಕೂ 18 ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಿದೆ, ಹಲ್ಲುಗಾಲಿಯ ಸಹಾಯವಿಲ್ಲದ ಸಾಮಾನ್ಯ ಹಳಿಗೆ ಇದು ಅಪರೂಪ. ಇಪ್ಪತ್ತು ಸುರಂಗಗಳಲ್ಲಿ ಹದಿನೆಂಟನ್ನು ಕೈಯಿಂದ ಕೊರೆಯಲಾಯಿತು. ನಡುವೆ ಕ್ಯೋಸ್‌ಫೊಸನ್ ಜಲಪಾತದ ಎದುರು ರೈಲು ಕೆಲವು ನಿಮಿಷ ನಿಲ್ಲುವುದರಿಂದ, ಹಲಗೆಯ ಅಟ್ಟಣೆಯ ಮೇಲೆ ಇಳಿದ ಪ್ರಯಾಣಿಕರೆಲ್ಲ ತುಂತುರಿನಲ್ಲಿ ತೊಯ್ದು ಬೋಗಿಗೆ ಮರಳುತ್ತಾರೆ.

ಓಸ್ಲೋ, ಮಿರ್ದಾಲ್, ಫ್ಲೋಮ್, ದೋಣಿಯಲ್ಲಿ ಗುದ್ವಾಂಗನ್, ಬಸ್ಸಿನಲ್ಲಿ ವೊಸ್, ಮತ್ತೆ ರೈಲಿನಲ್ಲಿ ಬರ್ಗನ್ ಎಂಬ ಈ ಸರಣಿಯನ್ನು ಒಂದೇ ದಿನದಲ್ಲಿ ಮುಗಿಸುವ ಟಿಕೆಟ್ ಬಹಳ ಜನಪ್ರಿಯವಾಗಿದ್ದರೂ, ಅದನ್ನು ಮೂರು ದಿನಗಳಿಗೆ ಹಿಗ್ಗಿಸಿ, ಫ್ಲೋಮ್ ಅಥವಾ ಪಕ್ಕದ ಔರ್ಲಾಂಡಿನಲ್ಲಿ ಎರಡು ರಾತ್ರಿ ತಂಗುವುದು ಮೇಲು. ಕೆಲವು ನೂರು ಜನರಿರುವ ಫ್ಲೋಮ್ ಹಳ್ಳಿಗೆ ಬೇಸಿಗೆಯ ಹಗಲಿನಲ್ಲಿ ಸಾವಿರಾರು ಪ್ರಯಾಣಿಕರ ವಿಹಾರನೌಕೆಗಳು ಬಂದು ನಿಲ್ಲುತ್ತವೆ. ಯಾವ ದಿನ ಯಾವ ನೌಕೆ ಬರುತ್ತದೆಂಬ ಪಟ್ಟಿಯನ್ನು ಬಂದರು ಮುಂಚಿತವಾಗಿಯೇ ಪ್ರಕಟಿಸುವುದರಿಂದ ಅದನ್ನು ನೋಡಿಕೊಂಡು ದಿನಾಂಕ ಗೊತ್ತುಮಾಡಬಹುದು. ಔರ್ಲಾಂಡಿನ ಮೇಲಿನ ಸ್ಟೇಗಸ್ತೈನ್ ಎಂಬ ಕಟ್ಟೆ ಫಿಯಾರ್ಡಿನಿಂದ 650 ಮೀಟರ್ ಎತ್ತರದಲ್ಲಿ ಗಾಳಿಯೊಳಕ್ಕೆ ಚಾಚಿಕೊಂಡಿದೆ. ದೋಣಿಯ ದಾರಿಯಲ್ಲಿ ಸಿಗುವ ಉಂದ್ರೆದಾಲ್ ಹಳ್ಳಿ ಮೇಕೆಯ ಹಾಲಿನ ಕಂದು ಚೀಸಿಗೆ ಹೆಸರುವಾಸಿ. ಹಾಲೊಡೆದು ಉಳಿದ ನೀರನ್ನು ಗಂಟೆಗಟ್ಟಲೆ ಬತ್ತಿಸಿದಾಗ ಅದರಲ್ಲಿನ ಸಕ್ಕರೆಯ ಅಂಶ ಕಂದಿ ಕೆಂಪಾಗುವುದರಿಂದ ಬರುವ ಬಣ್ಣ ಅದು, ರುಚಿಯೂ ಸಿಹಿಗೆ ಹತ್ತಿರ. ಸದ್ದಿಲ್ಲದೆ ತೇಲುವ ವಿದ್ಯುತ್ ದೋಣಿಗಳು ಈಗ ಇಲ್ಲಿ ಓಡುತ್ತಿದ್ದು, 2026ರಿಂದ ಪರಂಪರೆಯ ಪಟ್ಟಿಯಲ್ಲಿರುವ ಫಿಯಾರ್ಡುಗಳಿಗೆ 10,000 ಟನ್ನಿಗಿಂತ ಚಿಕ್ಕ ಪ್ರಯಾಣಿಕ ನೌಕೆಗಳು ಹೊಗೆಯುಗುಳದೆ ಬರಬೇಕೆಂದೂ ದೊಡ್ಡ ನೌಕೆಗಳಿಗೆ 2032ರವರೆಗೆ ಕಾಲಾವಕಾಶವೆಂದೂ ನಿಯಮ ಮಾಡಲಾಗಿದೆ. ದೊಡ್ಡವರಿಗೆ ಹೆಚ್ಚಿನ ವಿನಾಯಿತಿ ಎಂಬುದು ನಾರ್ವೆಯಲ್ಲಿಯೂ ಇದ್ದೇ ಇದೆ.

ಬರ್ಗನ್ನಿನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ ಬೀಳುತ್ತದೆ. ಒಟ್ಟು ಪ್ರಮಾಣದಲ್ಲಿ ಆಗುಂಬೆಯ ಮಳೆಯ ಎದುರು ಅದು ಏನೂ ಅಲ್ಲವಾದರೂ, ಯಾವ ತಿಂಗಳೂ ಬಿಡುವು ಕೊಡದ ತಣ್ಣನೆಯ ಮಳೆಯಾದ್ದರಿಂದ ಛತ್ರಿಗಿಂತ ಟೊಪ್ಪಿಗೆಯಿರುವ ರೇನ್‌ಕೋಟು ಉಪಯುಕ್ತ. ಹದಿನಾಲ್ಕನೆಯ ಶತಮಾನದಿಂದ ಜರ್ಮನ್ ಹನ್ಸಾ ವರ್ತಕರು ಒಣಮೀನಿನ ವ್ಯಾಪಾರ ನಡೆಸಿದ ಬ್ರಿಗ್ಗನ್ ಕಟ್ಟೆಯ ಮರದ ಮಳಿಗೆಗಳು 1702ರ ಬೆಂಕಿಯ ನಂತರ ಹಳೆಯ ಮಾದರಿಯಲ್ಲಿಯೇ ಮತ್ತೆ ಎದ್ದು ನಿಂತವು. ಆ ಮೀನು ಬರುತ್ತಿದ್ದುದು ಉತ್ತರದ ಲೊಫೋಟನ್‌ನಿಂದ. ಇಂದಿಗೂ ಚಳಿಗಾಲದಲ್ಲಿ ಹಿಡಿದ ಕಾಡ್ ಮೀನನ್ನು ಉಪ್ಪು ಸವರದೆ ಮರದ ಅಟ್ಟಗಳ ಮೇಲೆ ತೂಗುಹಾಕಿ ಗಾಳಿಗೆ ಒಣಗಿಸುತ್ತಾರೆ. 1893ರಲ್ಲಿ ಆರಂಭವಾದ ಕರಾವಳಿ ಹಡಗು ಸಂಚಾರ ಬರ್ಗನ್ನಿನಿಂದ ರಷ್ಯಾ ಗಡಿಯ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತದೆ. ಹೋಗಿಬರುವ ಪೂರ್ಣ ಯಾತ್ರೆಗೆ ಹನ್ನೆರಡು ದಿನ ಬೇಕಾದರೂ, ಅಂಚೆ, ಸರಕು, ಸ್ಥಳೀಯರನ್ನು ಸಾಗಿಸಲೆಂದೇ ಹುಟ್ಟಿದ ಸೇವೆಯಾದ್ದರಿಂದ ಎರಡು ಬಂದರುಗಳ ನಡುವಿನ ಕೆಲವು ಗಂಟೆಗಳಿಗೂ ಟಿಕೆಟ್ ದೊರೆಯುತ್ತದೆ.

ಖರ್ಚಿನ ವಿಷಯದಲ್ಲಿ ನಾರ್ವೆ ಕೈ ಕಚ್ಚುವ ದೇಶವೆಂಬ ಮಾತು ಸುಳ್ಳಲ್ಲ. ಸಾಮಾನ್ಯ ಮಾರಾಟ ತೆರಿಗೆಯೇ ಶೇ 25ರಷ್ಟಿದ್ದು, ಅಂಗಡಿಯಲ್ಲಿ ಕೊಂಡ ಆಹಾರಕ್ಕೆ ಮಾತ್ರ ಶೇ 15. ಹೀಗಾಗಿ ಹೋಟೆಲ್ ಊಟಕ್ಕೂ ಸ್ವಯಂಪಾಕಕ್ಕೂ ನಡುವೆ ಅಗಾಧ ಅಂತರವಿದೆ. ಅಡುಗೆಮನೆಯುಳ್ಳ ಮರದ ಗುಡಿಸಲುಗಳು ಕ್ಯಾಂಪಿಂಗ್ ತಾಣಗಳಲ್ಲಿ ಬಾಡಿಗೆಗೆ ಸಿಗುತ್ತವೆ, ಅವುಗಳಲ್ಲಿ ಹಾಸಿಗೆಯ ಹೊದಿಕೆಗೆ ಬೇರೆ ಹಣ ತೆರಬೇಕಾಗುವುದುಂಟು. ಮೀನು, ಮಾಂಸ ಮುಟ್ಟದವರಿಗೆ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ. 1970ರ ದಶಕದಿಂದ ನೆಲೆಸಿದ ಪಾಕಿಸ್ತಾನಿ ಮೂಲದವರ ಅಂಗಡಿಗಳಿರುವ ಓಸ್ಲೋದ ಗ್ರೋನ್‌ಲಾಂಡ್ ಬಡಾವಣೆಯಲ್ಲಿ ಬೇಳೆ, ಹಿಟ್ಟು, ಮಸಾಲೆ ಕೊಂಡು ಮುಂದೆ ಹೋಗುವುದು ಜಾಣತನ. ದೊಡ್ಡ ದಿನಸಿ ಅಂಗಡಿಗಳು ಭಾನುವಾರ ಮುಚ್ಚಿರುವುದನ್ನು ಮರೆಯಬಾರದು. ಊರಿನಿಂದ ಬುತ್ತಿ ಕಟ್ಟುವವರು ಗಮನಿಸಬೇಕಾದ ಕಾನೂನೊಂದಿದೆ: ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲಿಯೇ ಉಳಿಯಬೇಕು, ಅವಲಕ್ಕಿ, ಚಟ್ನಿಪುಡಿಗಳಿಗೆ ಈ ತಡೆ ಅನ್ವಯಿಸದು. ಕುಡಿಯುವ ನೀರಿಗೆ ಹಣ ಕೊಡುವುದು ಮಾತ್ರ ಶುದ್ಧ ದಂಡ, ನಲ್ಲಿಯ ನೀರು ಎಲ್ಲೆಡೆ ಕುಡಿಯಲು ಯೋಗ್ಯ.

ಇಷ್ಟು ದುಬಾರಿಯಾದ ನಾಡಿನಲ್ಲಿ ಅತ್ಯುತ್ತಮವಾದುದು ಬಿಟ್ಟಿಯಾಗಿ ಸಿಗುತ್ತದೆ. 1957ರ ಹೊರಾಂಗಣ ವಿಹಾರ ಕಾಯಿದೆ ಅನಾದಿಯಿಂದ ಬಂದ ರೂಢಿಯೊಂದನ್ನು ಶಾಸನವಾಗಿಸಿ, ಸಾಗುವಳಿ ಮಾಡದ ಕಾಡು, ಬೆಟ್ಟ, ದಡಗಳಲ್ಲಿ, ಅವು ಖಾಸಗಿಯವರ ಒಡೆತನದಲ್ಲಿದ್ದರೂ, ಯಾರು ಬೇಕಾದರೂ ನಡೆದಾಡುವ ಹಕ್ಕನ್ನು ಕೊಟ್ಟಿದೆ. ಜನವಸತಿಯ ಮನೆಯಿಂದ 150 ಮೀಟರ್ ದೂರವಿದ್ದು ಡೇರೆ ಹಾಕಿ ಒಂದೇ ಜಾಗದಲ್ಲಿ ಎರಡು ದಿನದವರೆಗೆ ಯಾರ ಅನುಮತಿಯೂ ಇಲ್ಲದೆ ತಂಗಬಹುದು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಾಗಲಿ ಅದರ ಸಮೀಪದಲ್ಲಾಗಲಿ ಬೆಂಕಿ ಹಾಕುವುದು ಸಾಮಾನ್ಯವಾಗಿ ನಿಷಿದ್ಧ. 1868ರಲ್ಲಿ ಸ್ಥಾಪನೆಯಾದ ನಾರ್ವೆಯ ಚಾರಣ ಸಂಘ ಬೆಟ್ಟಗಳಲ್ಲಿ ನೂರಾರು ತಂಗುಮನೆಗಳನ್ನು ನಡೆಸುತ್ತಿದ್ದು, ಹಾದಿಯ ಕಲ್ಲುಗಳ ಮೇಲೆ ಕಾಣುವ ಕೆಂಪು ಬಣ್ಣದ ‘ಟಿ’ ಅಕ್ಷರ ಅದರ ಗುರುತು. ಲ್ಯೂಸೆ ಫಿಯಾರ್ಡಿನ ಮೇಲೆ 604 ಮೀಟರ್ ಎತ್ತರದಲ್ಲಿ ಚಪ್ಪಟೆಯಾಗಿ ಚಾಚಿದ ಪ್ರೈಕೆಸ್ತೋಲನ್ ಬಂಡೆಗೆ ಹೋಗಿಬರಲು ಎಂಟು ಕಿಲೋಮೀಟರ್ ನಡೆದರೆ ಸಾಕಾಗುವುದರಿಂದ ನಡಿಗೆಯ ಅಭ್ಯಾಸವಿರುವ ಯಾರಿಗೂ ಅದು ಎಟುಕುತ್ತದೆ, ಅಂಚಿಗೆ ತಡೆಬೇಲಿ ಇಲ್ಲವೆಂಬ ಎಚ್ಚರವಿರಬೇಕು ಅಷ್ಟೆ. ಟ್ರೋಲ್‌ತುಂಗಾ ಬೇರೆಯದೇ ಮಾತು: ಸಾಮಾಜಿಕ ಜಾಲತಾಣಗಳ ಚಿತ್ರದಲ್ಲಿ ಕಾಣುವ ಆ ನಾಲಿಗೆಯಾಕಾರದ ಬಂಡೆಯನ್ನು ಸ್ಕೆಗ್ಗೆದಾಲ್‌ನಿಂದ ನಡೆದು ಮುಟ್ಟಿ ಮರಳಲು 27 ಕಿಲೋಮೀಟರ್, ಹತ್ತರಿಂದ ಹನ್ನೆರಡು ಗಂಟೆ ಬೇಕು, ಚಿತ್ರಕ್ಕೆ ಮರುಳಾಗಿ ಕ್ಯಾನ್ವಾಸ್ ಶೂ ತೊಟ್ಟು ಹೊರಟವರನ್ನು ರಕ್ಷಣಾ ತಂಡಗಳು ಹೊತ್ತು ತಂದ ಉದಾಹರಣೆಗಳಿವೆ.

ಬೆಟ್ಟಗಳ ಅಪಾಯವನ್ನು ನಾರ್ವೆಯವರು ಹಗುರವಾಗಿ ಎಣಿಸುವುದಿಲ್ಲ. 1934ರಲ್ಲಿ ಗೈರಾಂಗರ್ ಸೀಮೆಯ ತಾಫಿಯಾರ್ಡಿಗೆ ಬೆಟ್ಟದ ಮಗ್ಗುಲೊಂದು ಕುಸಿದು ಬಿದ್ದು ಎದ್ದ ಅಲೆಗಳಿಗೆ 40 ಜನ ಬಲಿಯಾದರು. ಅದೇ ಸೀಮೆಯ ಓಕ್ನೆಸ್ ಇಳಿಜಾರಿನ ಬಿರುಕುಗಳ ಮೇಲೆ ಇಂದು ಹಗಲಿರುಳೂ ಉಪಕರಣಗಳ ಕಣ್ಗಾವಲಿದೆ. 2024ರ ಬೇಸಿಗೆಯಲ್ಲಿ ಬಂಡೆ ಉರುಳುವ ಭಯದಿಂದ ಟ್ರೋಲ್‌ಸ್ಟಿಗನ್ ರಸ್ತೆಯನ್ನೇ ಮುಚ್ಚಲಾಯಿತು. ಆದ್ದರಿಂದ ಪ್ರತಿ ಮೂರು ದಿನಕ್ಕೆ ಒಂದನ್ನಾದರೂ ಯಾವ ಕಾರ್ಯಕ್ರಮವೂ ಇಲ್ಲದೆ ಖಾಲಿ ಬಿಡುವುದು, ಹೊರಡುವ ಮುಂಚೆ ಅಲ್ಲಿನ ಹವಾಮಾನ ಸಂಸ್ಥೆ ನಡೆಸುವ ‘ಯಿರ್’ ಮುನ್ಸೂಚನೆಯನ್ನು ನೋಡುವುದು ಯೋಜನೆಯ ಭಾಗವಾಗಬೇಕು.

ಕಾಗದಪತ್ರದ ಕೆಲಸ ಕ್ಲಿಷ್ಟವಾದುದೇನಲ್ಲ, ಆದರೆ ಅದಕ್ಕೆ ಕಾಲಾವಕಾಶ ಬೇಕು. ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯನಲ್ಲದಿದ್ದರೂ, ಒಳಗಡಿಗಳಲ್ಲಿ ತಪಾಸಣೆಯನ್ನು ಕೈಬಿಟ್ಟ ದೇಶಗಳ ಕೂಟವಾದ ಷೆಂಗೆನ್ ವ್ಯವಸ್ಥೆಯಲ್ಲಿ 2001ರಿಂದ ಪಾಲ್ಗೊಂಡಿರುವುದರಿಂದ, ಭಾರತೀಯರು ಪಡೆಯಬೇಕಾದುದು ಷೆಂಗೆನ್ ವೀಸಾ; ಹಲವು ದೇಶಗಳನ್ನು ಸುತ್ತುವವರು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ, ಪಾಸ್‌ಪೋರ್ಟಿಗೆ ಹಿಂದಿರುಗುವ ದಿನದಿಂದ ಮೂರು ತಿಂಗಳ ಅವಧಿ ಉಳಿದಿರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಹದಿನೈದು ದಿನಗಳಿಗಿಂತ ತಡವಾಗುವಂತಿಲ್ಲ. ಸೆಪ್ಟೆಂಬರಿನಲ್ಲಿ ಹೊರಡಬೇಕೆಂದುಕೊಂಡವರು ಮಾರ್ಚ್‌ನಲ್ಲಿಯೇ ಕಾಗದಪತ್ರ ಸಿದ್ಧಪಡಿಸಿಕೊಂಡರೆ ರೈಲಿನ ಅಗ್ಗದ ಟಿಕೆಟುಗಳು ಮಾರಾಟಕ್ಕೆ ಬರುವ ಹೊತ್ತಿಗೆ ವೀಸಾ ಕೈಯಲ್ಲಿರುತ್ತದೆ.